ಭಾರ ಹೊರುವುದು ಹೆಬ್ಬೆರಳಿನ ಕೆಲಸ ಅಲ್ಲ

ಓದುಗರ ಪ್ರಶ್ನೆ, ಬ್ಯಾಂಡ್ ಮೇಷ್ಟ್ರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ರಾಗ, ತಾಳ, ರೀಡ್‌ಗಿಂತ ಕೈನೋವಿನ ಮಾತೇ ಜಾಸ್ತಿ. ಅದೂ ನಡೆದುಕೊಂಡು ನುಡಿಸುವವರ ಕೈನೋವು. ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಮತ್ತು ಟೆನರ್ ಸ್ಯಾಕ್ಸೊಫೋನ್ ನುಡಿಸಿ ನಿವೃತ್ತನಾದ ನನಗೆ ಇದು ಬಹಳ ಹತ್ತಿರದ ವಿಷಯ. ಒಳ್ಳೆಯ ವಾದಕರು ಹೆಬ್ಬೆರಳಿನ ನೋವಿಗೆ ವಾದ್ಯ ಕೆಳಗಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈ ಸಲ ಇವನ್ನೇ ತೆಗೆದುಕೊಂಡಿದ್ದೇನೆ. ನಾನು ಡಾಕ್ಟರಲ್ಲ. ವಾದ್ಯ ಹಿಡಿಯುವ ಬಗೆಯನ್ನು ನಾನು ಹೇಳಬಲ್ಲೆ. ಒಳಗಿನ ತೊಂದರೆ ಯಾವುದು ಎಂದು ನೋಡಿ ಹೇಳಬೇಕಾದವರು ಡಾಕ್ಟರು.

ಪ್ರಶ್ನೆ: ನಮಸ್ಕಾರ ಸರ್. ನಾವು ಟೆಕ್ಸಸ್‌ನಲ್ಲಿ ಡಲ್ಲಾಸ್ ಹತ್ತಿರ ಇದ್ದೇವೆ. ಮಗನಿಗೆ ಹದಿನೈದು ವರ್ಷ. ಇಷ್ಟು ದಿನ ಆಲ್ಟೋ ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಈ ವರ್ಷ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಬ್ಯಾರಿಟೋನ್ ಸ್ಯಾಕ್ಸೊಫೋನ್ ಕೊಟ್ಟಿದ್ದಾರೆ. ಆಗಸ್ಟ್ ಕ್ಯಾಂಪಿನ ಎರಡನೇ ವಾರಕ್ಕೇ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ರಾತ್ರಿ ಹಾಲಿನ ಲೋಟ ಎತ್ತುವಾಗಲೂ ಮುಖ ಹಿಂಡುತ್ತಾನೆ. ಅವನಿಗೆ ಬ್ಯಾಂಡ್ ಅಂದರೆ ಪ್ರಾಣ. ಬಿಡಿಸಬೇಕಾ ಸರ್?
– ಒಬ್ಬ ತಾಯಿ, ಟೆಕ್ಸಸ್

ಉತ್ತರ: ಬ್ಯಾಂಡ್ ಬಿಡಿಸಬೇಡಿ ತಾಯಿ. ಆದರೆ ವಾದ್ಯವನ್ನು ಈಗಿನಿಂದಲೇ ಕೆಲವು ದಿನ ಕೆಳಗಿಡಿಸಿ. ಲೋಟ ಎತ್ತಲು ನೋವಾಗುವ ಕೈಯಲ್ಲಿ ಬ್ಯಾರಿಟೋನ್ ಹಿಡಿಯಬಾರದು.

ಮೊದಲು ತೂಕ ನೋಡೋಣ. ಆಲ್ಟೋ ಸ್ಯಾಕ್ಸೊಫೋನ್ ಸುಮಾರು ಎರಡೂವರೆ ಕಿಲೋ. ಟೆನರ್ ಮೂರರಿಂದ ಮೂರೂವರೆ. ಬ್ಯಾರಿಟೋನ್ ಐದರಿಂದ ಆರು ಕಿಲೋ, ಕೆಲವು ಅದಕ್ಕೂ ಜಾಸ್ತಿ. ಅಂದರೆ ನಿಮ್ಮ ಮಗನ ಕುತ್ತಿಗೆಗೂ ಕೈಗೂ ಬಿದ್ದ ಭಾರ ಒಂದೇ ಸಲಕ್ಕೆ ಎರಡು ಪಟ್ಟಾಯಿತು. ಅದರ ಜೊತೆಗೆ ನಡಿಗೆ. ಜೊತೆಗೆ ಆಗಸ್ಟ್ ಬಿಸಿಲು. ಜೊತೆಗೆ ದಿನಕ್ಕೆ ಒಂದು ಗಂಟೆ ನುಡಿಸುತ್ತಿದ್ದವನು ಕ್ಯಾಂಪಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ನಿಲ್ಲುವುದು. ಇವು ನಾಲ್ಕೂ ಒಂದೇ ವಾರ ಬಂದು ಕೂತರೆ ಹದಿನೈದರ ಕೈ ಸುಮ್ನೆ ತಡೆದುಕೊಳ್ಳುತ್ತದೆ ಎಂದು ಯಾರೂ ಅಂದುಕೊಳ್ಳಬಾರದು.

ಹಾಗಂತ ಈ ವಾದ್ಯ ನಡೆಯುತ್ತಾ ನುಡಿಸಲು ಬಾರದ್ದೇನೂ ಅಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಯಾಕ್ಸೊಫೋನಿಗೆ ಪೇಟೆಂಟ್ ಪಡೆದರು. ಅವರ ಕಣ್ಣಿದ್ದದ್ದು ಫ್ರಾನ್ಸಿನ ಸೈನ್ಯದ ಬ್ಯಾಂಡುಗಳ ಮೇಲೆ. ಅದಕ್ಕೆ ಹಿಂದಿನ ವರ್ಷ, 1845ರಲ್ಲಿ, ಶಾಂ ದ್ ಮಾರ್ಸ್ ಮೈದಾನದಲ್ಲಿ ಹಳೆಯ ಬಗೆಯ ಸೈನಿಕ ಬ್ಯಾಂಡಿಗೂ ಅವರು ಕಟ್ಟಿದ ಹೊಸ ಬಗೆಯ ಬ್ಯಾಂಡಿಗೂ ಸಾರ್ವಜನಿಕರ ಎದುರು ಸ್ಪರ್ಧೆಯೇ ನಡೆದಿತ್ತು. ಬಯಲಿನಲ್ಲಿ, ಸಾಲಿನಲ್ಲಿ ನಡೆಯುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಾದ್ಯ ಇದು. ಅದರ ಬೆನ್ನಿನಲ್ಲಿ ಒಂದು ಉಂಗುರ ಇದೆ, ನೋಡಿ. ಪಟ್ಟಿಯ ಕೊಕ್ಕೆ ಸಿಕ್ಕಿಸುವ ಉಂಗುರ. ಪೂರ್ತಿ ಭಾರ ಅಲ್ಲಿಂದ ಮೈಗೆ ಹೋಗಬೇಕು. ಅದರ ಕೆಳಗೆ ಬಲ ಹೆಬ್ಬೆರಳಿಗೆ ಒಂದು ಕೊಕ್ಕೆ ಇದೆ, ಥಂಬ್ ಹುಕ್. ಅದು ವಾದ್ಯ ಎತ್ತಲು ಇರುವುದಲ್ಲ. ವಾದ್ಯವನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಅಲುಗದಂತೆ ನಿಲ್ಲಿಸಲು ಇರುವುದು. ಹುಡುಗರು ಅದನ್ನು ಹಿಡಿ ಅಂದುಕೊಂಡು ಎತ್ತುತ್ತಾರೆ. ನೂರಕ್ಕೆ ತೊಂಬತ್ತು ಪಾಲು ನೋವು ಅಲ್ಲೇ ಹುಟ್ಟುವುದು ಎಂಬುದು ನನ್ನ ಅನುಭವ.

ನೋವು ಇಳಿದ ಮೇಲೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿಸಿ. ಮಗ ಪಟ್ಟಿ ಹಾಕಿಕೊಂಡು, ನೆಟ್ಟಗೆ ನಿಂತು, ಎದುರು ಗೋಡೆ ನೋಡಲಿ. ಮೌತ್‌ಪೀಸ್ ಬಾಯಲ್ಲಿರಲಿ, ಎಡಗೈ ಮೆತ್ತಗೆ ವಾದ್ಯದ ಮೇಲಿರಲಿ. ನೀವು ಕೆಳಗೆ ಕೈ ಒಡ್ಡಿ ನಿಂತುಕೊಳ್ಳಿ, ಬಿದ್ದರೆ ಹಿಡಿಯಲು. ಈಗ ಅವನು ಬಲಗೈಯನ್ನು ಪೂರ್ತಿ ತೆಗೆಯಲಿ. ವಾದ್ಯ ಸ್ವಲ್ಪ ಮೈಕಡೆ ವಾಲಿದರೆ ಚಿಂತೆಯಿಲ್ಲ. ಆದರೆ ಮೌತ್‌ಪೀಸ್ ತುಟಿಯಿಂದ ಜಾರಿ ಗಲ್ಲಕ್ಕೆ ಇಳಿದರೆ, ಪಟ್ಟಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಆ ಅಂತರವನ್ನು ಇಷ್ಟು ದಿನ ಹೆಬ್ಬೆರಳು ಎತ್ತಿ ಹಿಡಿದಿತ್ತು. ಪಟ್ಟಿಯನ್ನು ಮೇಲಕ್ಕೆ ಎಳೆಯಿರಿ. ಕತ್ತು ಬಗ್ಗಿಸದೆ, ಗಲ್ಲ ಎತ್ತದೆ, ಮೌತ್‌ಪೀಸ್ ತಾನಾಗಿ ಬಾಯಿಗೆ ಬರುವ ಎತ್ತರವೇ ಸರಿಯಾದ ಎತ್ತರ.

ಬ್ಯಾರಿಟೋನಿಗೆ ಕುತ್ತಿಗೆ ಪಟ್ಟಿ ಸಾಲದು. ಎರಡೂ ಭುಜಕ್ಕೆ ಬರುವ ಹಾರ್ನೆಸ್ ಬೇಕು. ಕೊಳ್ಳುವಾಗ ಒಂದು ವಿಷಯ ಗಮನಿಸಿ. ರಬ್ಬರಿನಂತೆ ಹಿಗ್ಗುವ ಮೆತ್ತನೆ ಪಟ್ಟಿಗಳು ಅಂಗಡಿಯಲ್ಲಿ ನಿಂತು ನೋಡಿದಾಗ ಬಹಳ ಹಿತ ಅನ್ನಿಸುತ್ತವೆ. ನಡೆಯಲು ಶುರುಮಾಡಿದ ಮೇಲೆ ವಾದ್ಯ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಕುಣಿಯುತ್ತದೆ. ಆ ಕುಣಿತ ತಡೆಯಲು ಹೆಬ್ಬೆರಳು ಬಿಗಿಯುತ್ತದೆ. ಮೆರವಣಿಗೆಗೆ ಹಿಗ್ಗದ ಪಟ್ಟಿಯೇ ಬೇಕು, ಭುಜದ ಮೇಲೆ ಅಗಲವಾಗಿರಬೇಕು. ಕೊಕ್ಕೆ ತಾನಾಗಿ ಮುಚ್ಚಿಕೊಳ್ಳುವಂಥದ್ದಿರಲಿ. ಬಾಯಿ ತೆರೆದ ಪ್ಲಾಸ್ಟಿಕ್ ಕೊಕ್ಕೆಯನ್ನು ನಂಬಿ ಆರು ಕಿಲೋ ಹಿತ್ತಾಳೆ ನೇತು ಹಾಕಬೇಡಿ. ಮತ್ತೆ, ಹಾರ್ನೆಸ್ಸಿನ ಅಳತೆಯನ್ನು ಟೀಶರ್ಟಿನ ಮೇಲೆ ನೋಡಿ ಬಿಟ್ಟುಬಿಡಬೇಡಿ. ಅಲ್ಲಿನ ಬ್ಯಾಂಡ್ ಕೋಟುಗಳು ದಪ್ಪ, ಭುಜಕ್ಕೆ ಮೆತ್ತೆ ಬೇರೆ ಇರುತ್ತದೆ. ಕೋಟು ಹಾಕಿದ ದಿನ ಅದೇ ಪಟ್ಟಿ ಬೇರೆ ಎತ್ತರಕ್ಕೆ ನಿಲ್ಲುತ್ತದೆ. ಎರಡೂ ಅಳತೆಗೆ ಪಟ್ಟಿಯ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಳ್ಳಲಿ.

ಇನ್ನೊಂದು ವಿಷಯ ನಾನು ನಿಮ್ಮ ಊರಿನ ಕಡೆಯೇ ಕಂಡದ್ದು. ಮಗಳ ಮನೆಗೆ ಬಂದಿದ್ದಾಗ ಪಕ್ಕದ ಹೈಸ್ಕೂಲಿನ ಬ್ಯಾಂಡ್ ಅಭ್ಯಾಸ ನೋಡಲು ಬೆಳಗ್ಗೆ ಬೆಳಗ್ಗೆ ಹೋಗಿ ನಿಲ್ಲುತ್ತಿದ್ದೆ. ಪಾರ್ಕಿಂಗ್ ಜಾಗದ ಡಾಂಬರಿನ ಮೇಲೆ ಫುಟ್‌ಬಾಲ್ ಮೈದಾನದ ಗೆರೆಗಳನ್ನೇ ಎಳೆದಿದ್ದರು. ಮಕ್ಕಳ ಶಿಸ್ತು, ಆ ಸಾಲುಗಳ ತಿರುವು ನೋಡಿ ನನಗೆ ಕಣ್ಣು ತುಂಬಿ ಬಂತು. ಆದರೆ ಒಂದು ನೋಡಿ ಸಂಕಟವೂ ಆಯಿತು. ಮೇಷ್ಟ್ರು ಮೈಕಿನಲ್ಲಿ ಒಂದು ಸಾಲಿನವರಿಗೆ ತಪ್ಪು ತಿದ್ದುವಾಗ ಉಳಿದವರೆಲ್ಲ ವಾದ್ಯ ಎತ್ತಿ ಹಿಡಿದೇ ನಿಂತಿರುತ್ತಿದ್ದರು. ನುಡಿಸುವುದಕ್ಕಿಂತ ಈ ಅಲುಗದ ನಿಲುವು ಕೈಗೆ ಕೆಟ್ಟದ್ದು. ನುಡಿಸುವಾಗ ಬೆರಳು ಆಡುತ್ತದೆ, ರಕ್ತ ಓಡಾಡುತ್ತದೆ. ಎತ್ತಿ ಹಿಡಿದು ನಿಂತಾಗ ಒಂದೇ ಸ್ನಾಯು ಬಿಗಿದೇ ಇರುತ್ತದೆ. ನಿಮ್ಮ ಮಗನಿಗೆ ಹೇಳಿ: ಎತ್ತಿ ಹಿಡಿಯಿರಿ ಎಂಬ ಆದೇಶ ಇಲ್ಲದಾಗಲೆಲ್ಲ ವಾದ್ಯ ಹಾರ್ನೆಸ್ಸಿನಲ್ಲಿ ನೇತಾಡಲಿ, ಎಡಗೈ ಮೆತ್ತಗೆ ಹಿಡಿದಿರಲಿ, ಬಲಗೈ ಪೂರ್ತಿ ಕೆಳಗಿಳಿಯಲಿ. ಬೆರಳು ಒದರಿಕೊಳ್ಳಲಿ. ಅರ್ಧ ನಿಮಿಷ ಸಿಕ್ಕರೂ ಸಾಕು.

ಬ್ಯಾಂಡ್ ಡೈರೆಕ್ಟರ್ ಹತ್ತಿರ ನೀವೂ ಮಗನೂ ಒಟ್ಟಿಗೆ ಹೋಗಿ ಮಾತಾಡಿ. ಎರಡು ವಿಷಯ ಕೇಳಿ. ಒಂದು, ಬ್ಯಾರಿಟೋನ್ ಸಾಲಿನವರು ವಾದ್ಯವನ್ನು ಎಷ್ಟು ಎತ್ತರಕ್ಕೆ, ಯಾವ ಓರೆಯಲ್ಲಿ ಹಿಡಿಯಬೇಕು ಎಂದು. ನೋಡಲು ಎಲ್ಲರೂ ಒಂದೇ ಥರ ಇರಲಿ ಎಂದು ಮೈಯಿಂದ ದೂರ ತಳ್ಳಿ ಹಿಡಿಸಿದರೆ, ಆ ತಳ್ಳುವಿಕೆ ಪೂರ್ತಿ ಬಲ ಹೆಬ್ಬೆರಳಿನದು. ಮೈಗೆ ಹತ್ತಿರ, ಸ್ವಲ್ಪ ಬಲಕ್ಕೆ ಓರೆಯಾಗಿ ಇದ್ದರೆ ಭಾರ ಪಟ್ಟಿಯಲ್ಲೇ ಉಳಿಯುತ್ತದೆ. ಎರಡು, ಈ ಸೀಸನ್ನಿಗೆ ಆಲ್ಟೋ ಅಥವಾ ಟೆನರ್ ಕೊಡಲು ಆಗುತ್ತದಾ ಎಂದು. ಇದರಲ್ಲಿ ಅವಮಾನ ಏನೂ ಇಲ್ಲ. ಚಳಿಗಾಲದಲ್ಲಿ ಕೂತು ನುಡಿಸುವ ಕಾನ್ಸರ್ಟ್ ಬ್ಯಾಂಡಿಗೆ ಬ್ಯಾರಿಟೋನ್ ಇದ್ದೇ ಇರುತ್ತದೆ.

ಟೆಕ್ಸಸ್‌ನಲ್ಲಿ ಶಾಲೆ ಶುರುವಾದ ಮೇಲೆ, ತರಗತಿಯ ವೇಳೆ ಬಿಟ್ಟು ಶಾಲಾ ವಾರಕ್ಕೆ 8 ಗಂಟೆಗಿಂತ ಜಾಸ್ತಿ ಮಾರ್ಚಿಂಗ್ ಅಭ್ಯಾಸ ಮಾಡಿಸಬಾರದು ಎಂಬ ನಿಯಮ ಇದೆ. ಒಳ್ಳೆಯ ನಿಯಮ. ಆದರೆ ಮನೆಯ ಅಭ್ಯಾಸ, ಖಾಸಗಿ ಪಾಠ, ಬ್ಯಾಂಡ್ ನುಡಿಸುವ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಆಟ, ಇವನ್ನು ಕೈ ಬೇರೆ ಲೆಕ್ಕದಲ್ಲಿ ಇಡುವುದಿಲ್ಲ. ರಾತ್ರಿ ಹಾಸಿಗೆಯಲ್ಲಿ ಫೋನ್ ಒತ್ತುವುದೂ ಅದೇ ಹೆಬ್ಬೆರಳು ಅಲ್ವಾ? ನೋವಿರುವಷ್ಟು ದಿನ ಫೋನಿನ ಆಟ ಮೊದಲು ನಿಲ್ಲಲಿ.

ವಾದ್ಯವನ್ನೂ ರಿಪೇರಿಯವರಿಗೆ ತೋರಿಸಿ. ಶಾಲೆಯ ಬ್ಯಾರಿಟೋನ್ ಎಂದರೆ ಎಷ್ಟೋ ಮಕ್ಕಳ ಕೈ ದಾಟಿ ಬಂದದ್ದು. ಕೀ ಕೆಳಗೆ ರಂಧ್ರ ಮುಚ್ಚುವ ಮೆತ್ತೆ, ಅಂದರೆ ಪ್ಯಾಡ್, ಸವೆದು ಗಾಳಿ ಸೋರುತ್ತಿದ್ದರೆ ಕೆಳಗಿನ ಸ್ವರಗಳು ಬರುವುದಿಲ್ಲ. ಹುಡುಗ ತನ್ನದೇ ತಪ್ಪು ಅಂದುಕೊಂಡು ಕೀಗಳನ್ನು ಹಿಂಡಿ ಒತ್ತುತ್ತಾನೆ. ಆ ಹಿಂಡುವಿಕೆ ಮಣಿಕಟ್ಟಿನವರೆಗೆ ಹೋಗುತ್ತದೆ. ಪ್ಯಾಡ್ ಸರಿಯಿದ್ದರೆ ಕೀ ಮುಚ್ಚಲು ಬೇಕಾಗುವ ಬಲ, ಬಾಳೆಹಣ್ಣು ಹಣ್ಣಾಗಿದೆಯಾ ಎಂದು ಒತ್ತಿ ನೋಡುವಷ್ಟೇ. ಮೆತ್ತಗೆ ಒತ್ತಿದಾಗ ಸ್ವರ ಬಾರದೆ, ಹಿಂಡಿದಾಗ ಮಾತ್ರ ಬಂದರೆ ಕೈಯ ತಪ್ಪಲ್ಲ, ಪ್ಯಾಡಿನ ತಪ್ಪು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಕೈಗೆ ಮುಲಾಮು ಹುಡುಕುತ್ತಾರೆ, ವಾದ್ಯವನ್ನು ಯಾರೂ ನೋಡುವುದಿಲ್ಲ.

ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಬದಿಗೆ ಎರಡು ಸ್ನಾಯುರಜ್ಜುಗಳು ಒಂದೇ ಇಕ್ಕಟ್ಟಿನ ಹಾದಿಯಲ್ಲಿ ಸಾಗುತ್ತವೆ. ಅಲ್ಲಿ ಊತ ಬಂದರೆ ಹೆಬ್ಬೆರಳು ಎತ್ತಿದಾಗಲೆಲ್ಲ ಚುಚ್ಚುತ್ತದೆ. ಡಾಕ್ಟರು ಇದನ್ನು ಡಿ ಕರ್ವೇನ್ ಎನ್ನುತ್ತಾರೆ. ಕೂಸನ್ನು ಪದೇ ಪದೇ ಕಂಕುಳಿಗೆ ಕೈಕೊಟ್ಟು ಎತ್ತುವ ಬಾಣಂತಿಯರಿಗೂ ಬರುವುದು ಇದೇ ತೊಂದರೆ. ನಿಮ್ಮ ಮಗನದು ಅದೇ ಎಂದು ನಾನು ಇಲ್ಲಿಂದ ಹೇಳಲಾರೆ. ಒಂದು ವಾರ ವಾದ್ಯ ಇಟ್ಟ ಮೇಲೂ ನೋವಿದ್ದರೆ, ಊತ ಕಂಡರೆ, ಹೆಬ್ಬೆರಳು ಸಿಕ್ಕಿಹಾಕಿಕೊಂಡಂತೆ ಆದರೆ ತಡಮಾಡಬೇಡಿ. ಶಾಲೆಯಲ್ಲಿ ಆಟಗಾರರ ಗಾಯ, ನೋವು ನೋಡುವ ಅಥ್ಲೆಟಿಕ್ ಟ್ರೇನರ್ ಇದ್ದರೆ ಮೊದಲು ಅವರಿಗೆ ತೋರಿಸಿ. ಕೈಗೆಂದೇ ತರಬೇತಿ ಪಡೆದ ಥೆರಪಿಸ್ಟುಗಳೂ ಅಲ್ಲಿ ಸಿಗುತ್ತಾರೆ. ಹೋಗುವಾಗ ವಾದ್ಯವನ್ನೂ ಜೊತೆಗೆ ಒಯ್ಯಿರಿ, ಹಿಡಿಯುವ ಬಗೆಯನ್ನು ಅವರು ಕಣ್ಣಿಂದ ನೋಡಲಿ.

ವಾದ್ಯ ಇಟ್ಟ ದಿನಗಳಲ್ಲಿ ಅವನು ಮನೆಯಲ್ಲಿ ಕೂರುವುದು ಬೇಡ. ಬರಿಗೈಯಲ್ಲಿ ಹೆಜ್ಜೆ ಕಲಿಯಲಿ, ತನ್ನ ಭಾಗವನ್ನು ಬಾಯಲ್ಲಿ ಹಾಡಿಕೊಂಡು ನಡೆಯಲಿ. ಮತ್ತೆ ಶುರುಮಾಡುವಾಗ ಮೊದಲು ಆಲ್ಟೋ, ಕೂತು, ಹತ್ತು ಹದಿನೈದು ನಿಮಿಷ. ಮರುದಿನ ಬೆಳಗ್ಗೆ ಕೈ ಹಗುರ ಇದ್ದರೆ ಸ್ವಲ್ಪ ಹೆಚ್ಚಿಸಿ. ಬೆಳಗ್ಗೆಯೂ ನೋವಿದ್ದರೆ ಹಿಂದಕ್ಕೆ ಬನ್ನಿ. ಅರ್ಧ ಗಂಟೆಗೊಮ್ಮೆ ಐದು ನಿಮಿಷ ವಾದ್ಯ ಕಳಚಿಡುವುದು ಆಮೇಲೂ ಇರಲಿ. ನವೆಂಬರ್ ಬಂದಾಗ ರಾತ್ರಿಯ ಆಟಗಳಲ್ಲಿ ಚಳಿ. ತಣ್ಣಗಾದ ಬೆರಳು ತಿಳಿಯದೆ ಬಿಗಿಯಾಗಿ ಹಿಡಿಯುತ್ತದೆ. ತುದಿ ಕತ್ತರಿಸಿದ ಕೈಗವಸು ಈಗಲೇ ತಂದಿಡಿ.

ಪ್ರಶ್ನೆ: ಸರ್, ನಾನು ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಾಲೇಜು ಬ್ಯಾಂಡಿನಲ್ಲಿ ಕ್ಲಾರಿನೆಟ್. ಎಲ್ಲರೂ "ನಿಂದು ಹಗುರ ವಾದ್ಯ, ನಿಂಗೇನು ಕಷ್ಟ" ಅಂತಾರೆ. ಆದರೆ ಪರೇಡ್ ಅಭ್ಯಾಸ ಮುಗಿದಾಗ ಬಲ ಹೆಬ್ಬೆರಳು ಮರಗಟ್ಟಿರುತ್ತದೆ. ಗಂಟಿನ ಹತ್ತಿರ ಚರ್ಮ ಗಟ್ಟಿಯಾಗಿದೆ. ಕೈ ಚಿಕ್ಕದು ಅನ್ನೋದು ಕಾರಣನಾ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಹಗುರ ಎನ್ನುವವರಿಗೆ ಒಂದು ಕೆಲಸ ಹೇಳಮ್ಮ. ಮುಕ್ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕದ ಒಂದು ವಸ್ತುವನ್ನು ಒಂದೇ ಹೆಬ್ಬೆರಳ ಮೇಲೆ ಇಟ್ಟುಕೊಂಡು, ಉಳಿದ ನಾಲ್ಕು ಬೆರಳು ಆಡಿಸುತ್ತಾ ಮೈದಾನ ಒಂದು ಸುತ್ತು ಬರಲಿ. ಕ್ಲಾರಿನೆಟ್ಟಿನ ತೂಕ ಸುಮಾರು ಎಂಟುನೂರು ಗ್ರಾಮ್. ಸ್ಯಾಕ್ಸೊಫೋನಿನದು ಪಟ್ಟಿಗೆ ಹೋಗುತ್ತದೆ, ಕ್ಲಾರಿನೆಟ್ಟಿನದು ನೇರ ಬಲ ಹೆಬ್ಬೆರಳಿಗೆ. ಹಾಗಾಗಿ ನಡೆದುಕೊಂಡು ನುಡಿಸುವಾಗ ನಾನು ಇದನ್ನು ಭಾರದ ವಾದ್ಯ ಎಂದೇ ಕರೆಯುತ್ತೇನೆ.

ನಿಮ್ಮ ಪತ್ರದಲ್ಲೇ ಉತ್ತರ ಇದೆ. ಚರ್ಮ ಗಟ್ಟಿಯಾಗಿರುವುದು "ಗಂಟಿನ ಹತ್ತಿರ" ಎಂದಿದ್ದೀರಿ. ಥಂಬ್ ರೆಸ್ಟ್, ಅಂದರೆ ಕ್ಲಾರಿನೆಟ್ಟಿನ ಹಿಂದೆ ಹೆಬ್ಬೆರಳಿಗೆ ಇರುವ ಆಸರೆ, ಕೂರಬೇಕಾದ ಜಾಗ ಅದಲ್ಲ. ಉಗುರಿನ ಬುಡಕ್ಕೂ ಮೊದಲ ಗಂಟಿಗೂ ನಡುವೆ, ಹೆಬ್ಬೆರಳಿನ ಬದಿಯಲ್ಲಿ ಅದು ಕೂರಬೇಕು. ಗಂಟು ದಾಟಿ ಒಳಗೆ ತೂರಿಸಿದರೆ ಹೆಬ್ಬೆರಳು ಒಳಕ್ಕೆ ಮಡಿಯುತ್ತದೆ, ಮಣಿಕಟ್ಟು ಓರೆಯಾಗುತ್ತದೆ, ಕಿರುಬೆರಳು ಕೀಗಳಿಗೆ ಎಟಕುವುದೇ ಇಲ್ಲ. ಆಮೇಲೆ ಕೈ ಚಿಕ್ಕದು ಅನ್ನಿಸುತ್ತದೆ.

ಎರಡನೆಯದು ರೆಸ್ಟ್ ಇರುವ ಎತ್ತರ. ವಾದ್ಯ ಹಿಡಿಯದೆ ಕೈ ಸುಮ್ನೆ ಇಳಿಬಿಟ್ಟು ನೋಡಿ. ಹೆಬ್ಬೆರಳು ತೋರುಬೆರಳಿನ ಎದುರಿಗೇ ಬಂದು ನಿಲ್ಲುತ್ತದೆ. ಬಹಳ ಕ್ಲಾರಿನೆಟ್ಟುಗಳಲ್ಲಿ ಕಾರ್ಖಾನೆಯವರು ರೆಸ್ಟ್ ಅನ್ನು ಅದಕ್ಕಿಂತ ಕೆಳಗೆ ಕೂರಿಸಿರುತ್ತಾರೆ. ತಿರುಪು ಸಡಿಲಿಸಿ ಮೇಲೆ ಕೆಳಗೆ ಸರಿಸುವಂಥ ರೆಸ್ಟ್ ಇದ್ದರೆ ತುಸು ತುಸುವೇ ಮೇಲಕ್ಕೆ ಸರಿಸಿ, ಒಂದೊಂದು ಸಲಕ್ಕೆ ಒಂದೆರಡು ದಿನ ನುಡಿಸಿ ನೋಡಿ. ಸರಿಸಲು ಬಾರದಿದ್ದರೆ ವಾದ್ಯ ರಿಪೇರಿಯವರ ಹತ್ತಿರ ಬೇರೆ ರೆಸ್ಟ್ ಹಾಕಿಸಬಹುದು. ಕಾಲೇಜಿನ ವಾದ್ಯವಾದರೆ ಕೇಳಿಯೇ ಮಾಡಿಸಿ. ರಬ್ಬರಿನ ಮೆತ್ತೆ ಹಾಕಿದರೆ ಒತ್ತುವುದು ಕಡಿಮೆಯಾಗುತ್ತದೆ, ಆದರೆ ಭಾರ ಕಡಿಮೆಯಾಗುವುದಿಲ್ಲ. ಭಾರ ಕಡಿಮೆ ಮಾಡುವುದು ಪಟ್ಟಿ. ಕ್ಲಾರಿನೆಟ್ಟಿಗೂ ಕುತ್ತಿಗೆ ಪಟ್ಟಿ ಬರುತ್ತದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ಥಂಬ್ ರೆಸ್ಟಿನಲ್ಲಿ ಉಂಗುರ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ರೆಸ್ಟಿಗೇ ತೂರಿಸುವ ಚರ್ಮದ ಕುಣಿಕೆಯಿಂದ. ಪರೇಡಿಗೆ ಇದನ್ನು ಹಾಕಲು ಮೇಷ್ಟ್ರು ಒಪ್ಪದಿದ್ದರೆ ಅಭ್ಯಾಸದಲ್ಲಾದರೂ ಹಾಕಿ. ಜಾಸ್ತಿ ಗಂಟೆಗಳು ಹೋಗುವುದು ಅಭ್ಯಾಸದಲ್ಲೇ.

ವಾದ್ಯಕ್ಕೆ ನೋಟೇಶನ್ ಕ್ಲಿಪ್ ಹಾಕಿ ಪುಸ್ತಕ ಸಿಕ್ಕಿಸುತ್ತೀರಾ? ಅದನ್ನು ತೆಗೆಯಿರಿ. ಪುಸ್ತಕದ ತೂಕ ಚಿಕ್ಕದೇ, ಗಾಳಿಗೆ ಅದು ವಾದ್ಯವನ್ನು ಎಳೆಯುವುದು ಚಿಕ್ಕದಲ್ಲ. ಪಾಠ ಬಾಯಿಪಾಠ ಮಾಡಿ. ದಸರೆಯ ಜಂಬೂಸವಾರಿ ನೋಡಿರುತ್ತೀರಿ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್, ಅದೂ ನಿಂತು ನಿಂತು ಸಾಗುವ ದಾರಿ. ಅನುಭವಿ ಬ್ಯಾಂಡಿನವರನ್ನು ಮುಂದಿನ ಸಲ ಗಮನಿಸಿ. ಒಂದು ಮಾರ್ಚ್ ಮುಗಿದು ಬರೀ ಡ್ರಮ್ ನಡೆಯುವಾಗ ಅವರ ವಾದ್ಯ ಕೆಳಗಿರುತ್ತದೆ, ಭುಜ ಇಳಿದಿರುತ್ತದೆ. ಮುಂದಿನ ಸ್ವರಕ್ಕೆ ಮತ್ತೆ ಒಟ್ಟಿಗೆ ಏಳುತ್ತದೆ. ಹೊಸಬರು ಮಾತ್ರ ಎದೆಯ ಹತ್ತಿರ ಹಿಡಿದೇ ನಡೆಯುತ್ತಾರೆ.

ಮರಗಟ್ಟುವುದು ಅಭ್ಯಾಸ ಮುಗಿದು ಒಂದೆರಡು ಗಂಟೆಯಲ್ಲಿ ಹೋಗದಿದ್ದರೆ, ಅಥವಾ ಪೆನ್ನು ಹಿಡಿಯುವಾಗಲೂ ಬಂದರೆ ಡಾಕ್ಟರಿಗೆ ತೋರಿಸಿ. ಪರೀಕ್ಷೆ ಬರೆಯುವ ಕೈಯೂ ಅದೇ.

ಪ್ರಶ್ನೆ: ಮಾಸ್ಟ್ರೇ, ನಾನು ಪುತ್ತೂರು ಕಡೆಯವ. ದೇವಸ್ಥಾನದ ಉತ್ಸವ, ಮದುವೆಗಳಲ್ಲಿ ಆಲ್ಟೋ ಸ್ಯಾಕ್ಸೊಫೋನ್ ನುಡಿಸುತ್ತೇನೆ. ವಯಸ್ಸು ನಲವತ್ತೆಂಟು. ಸೀಸನ್ನಿನಲ್ಲಿ ದಿನ ಬಿಟ್ಟು ದಿನ ಕಾರ್ಯಕ್ರಮ. ಈಗ ರಾತ್ರಿ ನಿದ್ದೆಯಲ್ಲಿ ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಒದರಿದರೆ ಸರಿಯಾಗುತ್ತದೆ. ಇದು ವಾಯುವಾ?
– ಒಬ್ಬ ಕಲಾವಿದ, ದಕ್ಷಿಣ ಕನ್ನಡ

ಉತ್ತರ: ವಾಯು ಎಂದು ತೈಲ ಹಚ್ಚಿ ಕೂರಬೇಡಿ. ಆ ಮೂರು ಬೆರಳು, ರಾತ್ರಿ ಎಚ್ಚರ, ಒದರಿದರೆ ಆರಾಮ, ಇವು ಮೂರೂ ಒಟ್ಟಿಗೆ ಇದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಂಭವ ಜಾಸ್ತಿ. ಕಾರ್ಪಲ್ ಟನಲ್ ಎನ್ನುತ್ತಾರೆ. ಮೂಳೆ ಡಾಕ್ಟರಿಗೋ ನರರೋಗದ ಡಾಕ್ಟರಿಗೋ ತೋರಿಸಿ. ನರದ ಪರೀಕ್ಷೆ ಬೇಕಾದರೆ ಅವರೇ ಬರೆದುಕೊಡುತ್ತಾರೆ. ಸಕ್ಕರೆ ಮತ್ತು ಥೈರಾಯ್ಡ್ ಕೂಡ ನೋಡಿಸಿ, ಅವುಗಳಿಂದಲೂ ಇದು ಬರುತ್ತದೆ. ಕತ್ತನ್ನೂ ನೋಡಲಿ. ಕತ್ತಿನಲ್ಲಿ ನರ ಒತ್ತಿದರೂ ಜೋಮು ಕೈಗೇ ಇಳಿಯುತ್ತದೆ, ನೀವು ಎಷ್ಟೋ ವರ್ಷದಿಂದ ಕುತ್ತಿಗೆಗೆ ಪಟ್ಟಿ ಹಾಕಿದವರು. ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿ ನಿಲ್ಲಿಸುವ ಪಟ್ಟಿಯನ್ನು ಡಾಕ್ಟರು ಸಾಮಾನ್ಯವಾಗಿ ಕೊಡುತ್ತಾರೆ. ಶುರುವಿನಲ್ಲೇ ಹೋದರೆ ಅಷ್ಟರಲ್ಲೇ ಬಹಳ ಜನಕ್ಕೆ ಗುಣ ಕಾಣುತ್ತದೆ. ಬೆರಳಿನ ಬಲ ಕುಗ್ಗಿ, ಗುಂಡಿ ಹಾಕಲು ಬಾರದ ಹಂತಕ್ಕೆ ಬಿಡಬೇಡಿ.

ನಿಮ್ಮ ಊರಿನ ಸ್ಯಾಕ್ಸೊಫೋನ್ ಪರಂಪರೆ ಬಗ್ಗೆ ನನಗೆ ಬಹಳ ಗೌರವ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕಂಡು ಮರುಳಾದವರು. ನಾಗಸ್ವರದ ಮನೆಯಲ್ಲಿ ಹುಟ್ಟಿ, ಕರ್ನಾಟಕ ಸಂಗೀತವನ್ನು ಇದರಲ್ಲಿ ನುಡಿಸಿ, 2004ರಲ್ಲಿ ಪದ್ಮಶ್ರೀ ಪಡೆದರು. ಮೆರವಣಿಗೆಯ ಬ್ಯಾಂಡಿನಿಂದ ಅವರು ವಾದ್ಯವನ್ನು ಕಛೇರಿಯ ವೇದಿಕೆಗೆ ತಂದು ಕೂರಿಸಿದರು. ನಿಮ್ಮಂಥವರು ಅದೇ ಗಮಕಗಳನ್ನು ದೇವರ ಬಲಿಯ (ಉತ್ಸವಮೂರ್ತಿಯ ಪ್ರದಕ್ಷಿಣೆಯ) ಹಿಂದೆ ನಡೆಯುತ್ತಾ ನುಡಿಸುತ್ತೀರಿ. ಕೂತಾಗ ಕೈಗೆ ಸಿಗುವ ಆಸರೆ ನಡೆಯುವಾಗ ಇಲ್ಲ ಎಂಬುದನ್ನು ನೆನಪಿಡಬೇಕು.

ಕನ್ನಡಿ ಮುಂದೆ ನಿಂತು ಬಲ ಮಣಿಕಟ್ಟು ನೋಡಿಕೊಳ್ಳಿ. ಮೊಣಕೈಯಿಂದ ಬೆರಳಿನ ಗಂಟಿನವರೆಗೆ ನೇರ ಗೆರೆ ಇರಬೇಕು. ವಾದ್ಯವನ್ನು ಬಲ ತೊಡೆಯ ಹಿಂದಕ್ಕೆ ತಳ್ಳಿ ನುಡಿಸುವ ಅಭ್ಯಾಸವಿದ್ದರೆ ಮಣಿಕಟ್ಟು ಒಳಕ್ಕೆ ಮಡಿದಿರುತ್ತದೆ, ನರ ಒತ್ತುವುದು ಅಲ್ಲೇ. ಆಲ್ಟೋವನ್ನು ಮೈಯ ಮುಂದಕ್ಕೆ ತನ್ನಿ. ಮೇಲಿನ ಬಾಗಿದ ಕೊಳವೆಯನ್ನೂ ಮೌತ್‌ಪೀಸನ್ನೂ ಅದಕ್ಕೆ ತಕ್ಕಂತೆ ತಿರುಗಿಸಿಕೊಳ್ಳಿ, ಕತ್ತು ಓರೆ ಮಾಡುವುದು ಬೇಡ. ಸಪೂರ ದಾರದಂಥ ಪಟ್ಟಿ ಬಿಟ್ಟು ಎರಡು ಭುಜದ ಹಾರ್ನೆಸ್ ಹಾಕಿ. ರೇಷ್ಮೆ ಅಂಗಿಯ ಒಳಗೆ ಹಾಕಿ, ಕೊಕ್ಕೆ ಮಾತ್ರ ಗುಂಡಿಗಳ ನಡುವಿಂದ ಹೊರಗೆ ತಂದರೆ ನೋಡಲೂ ಕೆಡುವುದಿಲ್ಲ.

ಇಬ್ಬರು ಜೊತೆಯಾಗಿ ಹೋಗುವವರಾದರೆ ಒಬ್ಬರು ಆಲಾಪನೆ ಮಾಡುವಾಗ ಇನ್ನೊಬ್ಬರ ಕೈ ನಿಜವಾಗಿ ಕೆಳಗಿಳಿಯಲಿ. ಮತ್ತೊಂದು ಪ್ರಶ್ನೆ ನಾನೇ ಕೇಳುತ್ತೇನೆ. ಕಾರ್ಯಕ್ರಮಕ್ಕೆ ಬೈಕಿನಲ್ಲಿ ಹೋಗುತ್ತೀರಾ? ಘಟ್ಟದ ಕಡೆಯ ತಿರುವಿನ ರಸ್ತೆಯಲ್ಲಿ ಹ್ಯಾಂಡಲ್ ಬಿಗಿ ಹಿಡಿದು, ಆ ನಡುಕದಲ್ಲಿ ಒಂದು ಗಂಟೆ ಓಡಿಸಿ, ಇಳಿದ ಕೂಡಲೆ ಪೆಟ್ಟಿಗೆ ಒಂದೇ ಕೈಯಲ್ಲಿ ಎತ್ತಿಕೊಂಡು ಹೋದರೆ, ಮೊದಲ ಸ್ವರಕ್ಕೆ ಮುಂಚೆಯೇ ಕೈ ದಣಿದಿರುತ್ತದೆ. ಪೆಟ್ಟಿಗೆಗೆ ಬೆನ್ನಿಗೆ ಹಾಕುವ ಪಟ್ಟಿ ಹೊಲಿಸಿ. ತಲುಪಿದ ಮೇಲೆ ಕಾಲು ಗಂಟೆ ಕೈ ಬಿಟ್ಟು ಕೂರಿ, ಬಿಸಿ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಗೆ ಹಳೆ ವಿದ್ಯಾರ್ಥಿಯೊಬ್ಬರು ಬೇಸ್ ಕ್ಲಾರಿನೆಟ್ ಕೊಟ್ಟಿದ್ದಾರೆ. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಒಂಬತ್ತನೇ ತರಗತಿ ಹುಡುಗನಿಗೆ ಕೊಡಬಹುದೇ?
– ಸಂಗೀತ ಶಿಕ್ಷಕಿ, ಬೆಂಗಳೂರು

ಉತ್ತರ: ಬೇಡ ಮೇಡಂ. ಕೂತು ನುಡಿಸುವಾಗ ಅದರ ಕೆಳಗಿನ ಕಡ್ಡಿ ನೆಲಕ್ಕೆ ಊರಿ ಭಾರ ಹೊರುತ್ತದೆ. ನಡೆಯುವಾಗ ಆ ಆಸರೆಯೇ ಇಲ್ಲ. ಪಟ್ಟಿ ಹಾಕಿದರೂ ಉದ್ದದ ವಾದ್ಯ, ಪ್ರತಿ ಹೆಜ್ಜೆಗೂ ಮೊಣಕಾಲಿಗೆ ತಾಗಿ ಮೌತ್‌ಪೀಸ್ ಹಲ್ಲಿಗೆ ಬಡಿಯುತ್ತದೆ. ಅಮೆರಿಕದ ಶಾಲೆಗಳಲ್ಲಿ ಓಬೋ, ಬಸೂನ್ ನುಡಿಸುವ ಮಕ್ಕಳಿಗೆ ಮಾರ್ಚಿಂಗ್ ಸೀಸನ್ನಿನಲ್ಲಿ ತಾಳವಾದ್ಯವನ್ನೋ ಬೇರೆ ವಾದ್ಯವನ್ನೋ ಕೊಡುವುದು ವಾಡಿಕೆ. ಬೇಸ್ ಕ್ಲಾರಿನೆಟ್ಟಿನವರಿಗೂ ಬಹಳ ಕಡೆ ಹಾಗೆಯೇ. ನಿಮ್ಮ ಹುಡುಗನಿಗೆ ಪರೇಡಿಗೆ ಸಾದಾ ಕ್ಲಾರಿನೆಟ್ ಕೊಡಿ. ಬೇಸ್ ಕ್ಲಾರಿನೆಟ್ ಶಾಲೆಯ ವಾರ್ಷಿಕೋತ್ಸವದ ವೇದಿಕೆಯ ಮೇಲೆ, ಕುರ್ಚಿಯಲ್ಲಿ ಕೂತು ನುಡಿಸಲಿ. ಕೊಟ್ಟವರನ್ನೂ ಅವತ್ತೇ ಕರೆಯಿರಿ. ಅದರ ದನಿ ಒಳಾಂಗಣದಲ್ಲೇ ಚೆನ್ನ.

ಪ್ರಶ್ನೆ: ಕೈನೋವಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ನುಡಿಸಬಹುದೇ? ಪರೇಡಿಗೆ ಮುಂಚೆ ನೋವಿನ ಮಾತ್ರೆ ತೆಗೆದುಕೊಳ್ಳುವುದು ಸರಿಯೇ?
– ಬ್ಯಾಂಡ್ ವಾದಕ, ಬೆಳಗಾವಿ

ಉತ್ತರ: ಬಿಗಿಯಾಗಿ ಸುತ್ತಿದ ಮಣಿಕಟ್ಟು ಬಾಗುವುದಿಲ್ಲ. ಆಗ ಬೆರಳುಗಳು ಬೇರೆ ದಾರಿ ಹುಡುಕಿ ಎಳೆದುಕೊಳ್ಳುತ್ತವೆ, ನೋವು ಮೊಣಕೈಗೆ ಏರುತ್ತದೆ. ಬ್ಯಾಂಡೇಜ್ ವಿಶ್ರಾಂತಿಯ ಹೊತ್ತಿಗೆ ಇರಲಿ, ಅದೂ ಡಾಕ್ಟರು ಹೇಳಿದರೆ. ಮಾತ್ರೆ ನುಂಗಿ ನುಡಿಸುವುದು ಇನ್ನೂ ಅಪಾಯ. ನಿಲ್ಲಿಸು ಎಂದು ಕೈ ಹೇಳುವುದು ನೋವಿನಿಂದಲೇ. ಅದನ್ನು ಕೇಳದಂತೆ ಮಾಡಿಕೊಂಡು ಎರಡು ಗಂಟೆ ನಡೆದರೆ ಆಗುವ ಹಾನಿ ಮಾತ್ರೆ ಇಳಿದ ಮೇಲೆ ಗೊತ್ತಾಗುತ್ತದೆ. ಮುಖ್ಯವಾದ ಪರೇಡು, ಬದಲಿ ಯಾರೂ ಇಲ್ಲ ಎಂದಾದರೆ ಬ್ಯಾಂಡ್ ಮಾಸ್ಟರಿಗೆ ಮೊದಲೇ ಹೇಳಿ, ಸುಲಭದ ಎರಡನೇ ಭಾಗ ತೆಗೆದುಕೊಳ್ಳಿ, ನಡುವೆ ಕೆಲವು ಸಾಲು ಬಿಟ್ಟು ನುಡಿಸಿ. ಮುಲಾಮು ಹಚ್ಚುವುದಿದ್ದರೆ ನುಡಿಸಿದ ಮೇಲೆ ಹಚ್ಚಿ. ಮುಂಚೆ ಹಚ್ಚಿದರೆ ಬೆರಳು ಕೀ ಮೇಲೆ ಜಾರುತ್ತದೆ, ಜಾರದಿರಲಿ ಎಂದು ನೀವು ಮತ್ತೆ ಹಿಂಡಿ ಹಿಡಿಯುತ್ತೀರಿ.